ಕೊಬ್ಬರಿ ಮಳಿಗೆಯಲ್ಲಿ ಕಂಡ ನಾಟ್ಯ

ಹೋದ ತಿಂಗಳು ಮಂಡಿನೋವು ಜಾಸ್ತಿಯಾಗಿ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಸೊಸೆ ಸಣ್ಣ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬಿಸಿಮಾಡಿ, ಎರಡು ಬಿಲ್ಲೆ ಕರ್ಪೂರ ಪುಡಿಮಾಡಿ ಹಾಕಿ ತಂದಳು. ಬಟ್ಟಲು ಬಾಗಿಲು ದಾಟುವ ಮೊದಲೇ ವಾಸನೆ ಬಂತು. ನಾನು ಎದ್ದು ಕುಳಿತೆ. "ಇದನ್ನ ಯಾರೇ ಹೇಳಿಕೊಟ್ಟಿದ್ದು ನಿನಗೆ?" ಎಂದು ಕೇಳಿದೆ. "ನೀವೇ ಅಲ್ವಾ ಅತ್ತೆ, ನಾನು ಬಂದ ಹೊಸದ್ರಲ್ಲಿ" ಎಂದಳು. ಹೌದು, ನಾನೇ ಇರಬೇಕು. ಆದರೆ ನನಗೆ ಹೇಳಿಕೊಟ್ಟವರು ಯಾರು ಎಂಬುದನ್ನು ಅವಳಿಗೆ ಎಂದೂ ಹೇಳಿರಲಿಲ್ಲ...

ನಾನು ಅರಸೀಕೆರೆಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಟೀಚರಾಗಿ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಐವತ್ತರ ದಶಕದ ಕೊನೆ. ಅಪ್ಪ ಗೆಂಡೆಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು, ತೀರಿಕೊಂಡು ವರ್ಷವಾಗಿತ್ತು. ಅಮ್ಮನನ್ನು ಕರೆದುಕೊಂಡು ಬಂದು ಸ್ಟೇಷನ್ ಹಿಂದಿನ ರಸ್ತೆಯ ಒಂದು ವಠಾರದಲ್ಲಿ ಮನೆ ಹಿಡಿದೆ. ಆರು ಮನೆ, ಮಧ್ಯೆ ಒಂದು ಬಾವಿ. ನಮ್ಮದು ಕೊನೆಯ ಮನೆ. ವಠಾರದ ಒಡೆಯರು ಕೊಬ್ಬರಿ ವ್ಯಾಪಾರದವರು; ವ್ಯಾಪಾರ ಅವರದಾದರೂ ವಠಾರದ ಕಾರುಬಾರೆಲ್ಲ ಅವರ ಹೆಂಡತಿ ಗಂಗಮ್ಮನವರದು. ಅಡ್ಡಡ್ಡ ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ವಠಾರಕ್ಕೆ ಬಂದರೆ ಜಗಳವಾಡುತ್ತಿದ್ದ ಮಕ್ಕಳೂ ಬಾಯಿ ಮುಚ್ಚುತ್ತಿದ್ದವು.

ಮೊದಲನೇ ಮನೆಯಲ್ಲಿ ಒಬ್ಬ ಹೆಂಗಸಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಉಳಿದವರಿಗೆಲ್ಲ ಅವರು 'ಮೊದಲನೇ ಮನೆಯವಳು'. ಆಗ ಅವರಿಗೆ ನಲವತ್ತೈದು ದಾಟಿತ್ತು. ಒಬ್ಬರೇ ಇದ್ದು, ಹೊಲಿಗೆ ಮಿಷನ್ನಿನಲ್ಲಿ ರವಿಕೆ ಹೊಲಿದು ಜೀವನ ಮಾಡುತ್ತಿದ್ದರು. ಎಷ್ಟು ಹೊತ್ತು ಮಿಷನ್ನಿನ ಮುಂದೆ ಕುಳಿತರೂ ಬೆನ್ನು ಬಾಗುತ್ತಿರಲಿಲ್ಲ. ನಡೆದರೆ ಹೆಜ್ಜೆಯ ಸದ್ದೇ ಇರುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದವರು ತಿರುಗಿ ನೋಡಿದರೆ ಅವರು ಕೊಡ ಹಿಡಿದು ಹಿಂದೆ ನಿಂತಿರುತ್ತಿದ್ದರು. "ಅಯ್ಯೋ, ಬೆಕ್ಕಿನ ಹಾಗೆ ಬರ್ತೀರಲ್ರೀ!" ಎಂದು ಎರಡನೇ ಮನೆ ರುಕ್ಮಿಣಮ್ಮ ಬೆಚ್ಚಿಬಿದ್ದು ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

ರುಕ್ಮಿಣಮ್ಮನ ಗಂಡ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು. ನಾನು ಬಂದ ವಾರದಲ್ಲೇ ಆಕೆ ನನ್ನ ಅಮ್ಮನ ಕಿವಿಯಲ್ಲಿ, "ಅವಳ ಮನೆಗೆ ಮಗಳನ್ನ ಜಾಸ್ತಿ ಕಳಿಸಬೇಡಿ. ನಾಟಕದವಳು ಕಣ್ರೀ. ಸಿನಿಮಾದಲ್ಲೂ ಇದ್ದೆ ಅಂತಾಳಂತೆ. ಅದಂತೂ ಶುದ್ಧ ಸುಳ್ಳು" ಎಂದು ಹೇಳಿಯಾಗಿತ್ತು. ಅರಿಶಿನ ಕುಂಕುಮಕ್ಕೆ ಎಲ್ಲ ಮನೆಗಳಿಗೂ ಕರೆ ಹೋಗುತ್ತಿತ್ತು, ಮೊದಲನೇ ಮನೆಯೊಂದಕ್ಕೆ ಹೋಗುತ್ತಿರಲಿಲ್ಲ. ಅಕ್ಕ ಅದನ್ನು ಗಮನಿಸಿದಂತೆ ತೋರಿಸಿಕೊಂಡವರೇ ಅಲ್ಲ.

ನಾನು ರವಿಕೆ ಹೊಲಿಸಲು ಹೋದ ದಿನ ಅವರ ಅಂಗಾಲು ನೋಡಿದೆ. ಮಿಷನ್ ತುಳಿಯುವಾಗ ಕಾಲು ಮೇಲೆದ್ದಾಗ, ಎರಡೂ ಅಂಗಾಲಿನಲ್ಲಿ ಚರ್ಮ ಸುಟ್ಟು ಗಟ್ಟಿಯಾದ ಹಳೆಯ ಗುರುತು. ಏನಕ್ಕಾ ಇದು ಎಂದೆ. ಅವರು ಮಿಷನ್ ನಿಲ್ಲಿಸಿ, ನನ್ನನ್ನು ಒಂದು ಗಳಿಗೆ ನೋಡಿ, "ಇದಾ? ಇದು ದೇವಲೋಕದಲ್ಲಿ ಆದ ಗಾಯ ಟೀಚರಮ್ಮ" ಎಂದು ನಕ್ಕರು.

ಆಮೇಲೆ ಸ್ವಲ್ಪಸ್ವಲ್ಪವಾಗಿ, ಕೆಲವು ಸಲ ಗುಂಡಿ ಹೊಲಿಯುತ್ತ, ಕೆಲವು ಸಲ ರಾಗಿ ಕೇರುತ್ತ ಅವರು ಹೇಳಿದ್ದನ್ನು ಜೋಡಿಸಿದರೆ ಕಥೆ ಹೀಗೆ. ಅವರ ಊರು ಬೇಲೂರು. ತಾಯಿ ದೇವಸ್ಥಾನದಲ್ಲಿ ಹಾಡಿ ಕುಣಿದು ಸೇವೆ ಮಾಡುತ್ತಿದ್ದವರು. ಆ ಸೇವೆಗಳೆಲ್ಲ ನಿಂತುಹೋದ ಮೇಲೆ ಆ ತಾಯಿ ಮನೆಯೊಳಗೆ ಬಾಗಿಲು ಹಾಕಿಕೊಂಡು ಮಗಳಿಗೆ ಕಲಿಸಿದರು. ಹದಿನಾಲ್ಕು ತುಂಬುವಾಗ ಅರಸೀಕೆರೆಯಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಗೆ ಸೇರಿಸಿದರು. ಕಂಪನಿಯ ಜೊತೆ ದಾವಣಗೆರೆ, ಹುಬ್ಬಳ್ಳಿ, ಗದಗ ಎಂದು ರೈಲಿನಲ್ಲಿ ಸುತ್ತಿ ಏಳು ವರ್ಷ ಕಳೆಯುವಷ್ಟರಲ್ಲಿ ಮಾತಾಡುವ ಚಿತ್ರಗಳು ಬಂದವು. ಕೊಲ್ಲಾಪುರದ ಕಡೆಯ ಸ್ಟುಡಿಯೋ ಒಂದರಲ್ಲಿ ಪುರಾಣದ ಕಥೆ ತೆಗೆಯುವವರು, ಕುಣಿಯುತ್ತ ಹಾಡಬಲ್ಲ ಹುಡುಗಿ ಬೇಕೆಂದು ಹುಡುಕಿಕೊಂಡು ಬಂದರು. ಕುಣಿಯುವವರಿದ್ದರು, ಹಾಡುವವರಿದ್ದರು. ಉಸಿರು ಕಟ್ಟದೆ ಎರಡನ್ನೂ ಒಟ್ಟಿಗೆ ಮಾಡುವವರು ಸಿಕ್ಕಿರಲಿಲ್ಲ. ಅಕ್ಕ ಸಿಕ್ಕರು.

ಮೊದಲ ದಿನವೇ ಜಗಳ. ಅಕ್ಕ ತಾಯಿಯ ಗೆಜ್ಜೆ ಕಟ್ಟಿಕೊಂಡು ನಿಂತಿದ್ದರು. ಕಿವಿಗೆ ಡಬ್ಬಿಗಳಂಥವನ್ನು ಹಾಕಿಕೊಂಡಿದ್ದ ಸೌಂಡಿನವನು ಓಡಿಬಂದು ಎರಡೂ ಕಿವಿ ಮುಚ್ಚಿಕೊಂಡು ಹಿಂದಿಯಲ್ಲಿ ಕೂಗಾಡಿದ. ಗೆಜ್ಜೆಯ ಸದ್ದಿನಲ್ಲಿ ಹಾಡು ಮುಳುಗಿಹೋಗುತ್ತಿತ್ತಂತೆ. ಗೆಜ್ಜೆ ಬಿಚ್ಚಬೇಕು, ಬರಿಗಾಲೂ ನೆಲಕ್ಕೆ ಬಡಿಯಬಾರದು. "ತಟ್ಟದೆ ಹೆಂಗೆ ಕುಣಿಯೋದು ಅಂತ ನಾನು ಅತ್ತುಬಿಟ್ಟೆ ಕಣೇ. ಮೂರು ದಿನ ಟೈಮ್ ಕೊಡಿ ಅಂದೆ. ಆ ಮೂರು ದಿನ ಹೆಜ್ಜೆನ ಕಾಲಿಂದ ತೆಗೆದು ಮೊಣಕಾಲಿಗೆ, ಸೊಂಟಕ್ಕೆ, ಹುಬ್ಬಿಗೆ ತಂದೆ." ಹಾಗೆ ಹೇಳುತ್ತ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಹುಬ್ಬನ್ನು ತಾಳಕ್ಕೆ ಕುಣಿಸಿ ತೋರಿಸಿದ್ದರು. ನಾನು ನಕ್ಕುಬಿಟ್ಟೆ. ಆದರೆ ತಾಳ ಕೇಳಿಸಿತ್ತು...

ಆ ಚಿತ್ರದಲ್ಲಿ ಅವರದು ಇಂದ್ರನ ಸಭೆಯ ಒಂದೇ ನಾಟ್ಯ. ಹಾರ್ಮೋನಿಯಂನವರು ಸಿಂಹಾಸನದ ಹಿಂದೆ, ತಬಲದವರು ಬಣ್ಣದ ರಟ್ಟಿನ ಮರದ ಹಿಂದೆ ಅಡಗಿ ನುಡಿಸಬೇಕು. ಮೈಕು ತಲೆಯ ಮೇಲೆ ಹೂವಿನ ಬುಟ್ಟಿಯೊಳಗೆ. ಹೊರಗೆ ಕಾಗೆ ಕೂಗಿದರೂ ಮತ್ತೆ ಮೊದಲಿಂದ. ದೊಡ್ಡ ದೀಪಗಳ ಕಾವಿಗೆ ನೆಲಕ್ಕೆ ಹಾಸಿದ್ದ ತಗಡು ಕಾದು ಹೆಂಚಾಗಿತ್ತು. ಹನ್ನೊಂದನೆಯ ಸಲಕ್ಕೆ ಟೇಕು ಸರಿಬಂತು. ಆಗ ಅಂಗಾಲಿನಲ್ಲಿ ಬೊಬ್ಬೆಗಳು. ಮುಖದಲ್ಲಿ ಮಾತ್ರ ಅಪ್ಸರೆಯ ನಗು.

ಒಟ್ಟು ಐದು ಚಿತ್ರ ಮಾಡಿದರು. ಮೂರನೆಯದರಲ್ಲಿ ರಾಣಿಯ ಸಖಿ, ಐದನೆಯದರಲ್ಲಿ ಸವತಿ, ಮಾತೂ ಹಾಡೂ ತುಂಬ ಇದ್ದ ಪಾತ್ರ. ಊರೂರಿನಲ್ಲಿ ಜನ ಅವರನ್ನು ನೋಡಲು ರೈಲ್ವೆ ಪ್ಲಾಟ್‌ಫಾರಂಗೆ ಬರುತ್ತಿದ್ದರಂತೆ. ಆಮೇಲೆ ಯುದ್ಧ ಬಂತು, ಫಿಲ್ಮು ಸಿಗದೆ ಕೆಲಸಗಳು ನಿಂತವು. ಅದರ ಜೊತೆಗೇ, ಹಾಡುವವರು ಬೇರೆ, ಕಾಣಿಸಿಕೊಳ್ಳುವವರು ಬೇರೆ ಎಂಬ ಹೊಸ ಪದ್ಧತಿ ಬಂತು. ಆರನೆಯ ಚಿತ್ರಕ್ಕೆ ಕರೆದವರು, ನೀನು ಬಾಯಿ ಆಡಿಸಿದರೆ ಸಾಕು ಎಂದರು. "ನನ್ನ ಬಾಯಲ್ಲಿ ಇನ್ನೊಬ್ಬಳ ದನಿ ಬಂದರೆ ನನ್ನ ದನಿ ಎಲ್ಲಿಗೆ ಹೋಗಬೇಕು ಹೇಳು?" ಎಂದು ಅಕ್ಕ ನನ್ನನ್ನೇ ಕೇಳಿದ್ದರು, ಆ ಚಿತ್ರ ತೆಗೆಯುವವನು ನಾನೇ ಎಂಬಂತೆ. ಒಪ್ಪಲಿಲ್ಲ. ಅದೇ ಹೊತ್ತಿಗೆ ತಾಯಿ ಹಾಸಿಗೆ ಹಿಡಿದರು. ಬೇಲೂರಿಗೆ ಬಂದು ನಾಲ್ಕು ವರ್ಷ ತಾಯಿಯ ಸೇವೆ ಮಾಡಿ, ಅವರು ಹೋದ ಮೇಲೆ ಅರಸೀಕೆರೆಗೆ ಬಂದು ಹೊಲಿಗೆ ಕಲಿತರು. ಯಾರ ಮೇಲೂ ದೂರಿಲ್ಲ. "ಐದು ಚಿತ್ರದಲ್ಲಿ ನನ್ನ ದನೀಲೇ ಹಾಡಿದೀನಿ, ನನ್ನ ಕಾಲಲ್ಲೇ ಕುಣಿದಿದೀನಿ" ಎನ್ನುತ್ತಿದ್ದರು, ಅಷ್ಟೆ.

ಹೀಗಿರುವಾಗ ಒಂದು ದಿನ ಸ್ಕೂಲಿನಿಂದ ಬರುತ್ತ, ಟಾಕೀಸಿನ ಗೋಡೆಯ ಮೇಲೆ ಭಾನುವಾರದ ಮ್ಯಾಟ್ನಿಗೆ ಹಳೆಯ ಪುರಾಣದ ಚಿತ್ರವೊಂದರ ಪೋಸ್ಟರ್ ನೋಡಿದೆ. ಅಕ್ಕನ ಮೊದಲ ಚಿತ್ರ. ಓಡಿಬಂದು ಹೇಳಿದೆ. ಬಿಡುಗಡೆಯಾದಾಗ ದಾವಣಗೆರೆಯಲ್ಲಿ ಒಂದೇ ಒಂದು ಸಲ ನೋಡಿದ್ದರಂತೆ. ಅವರು ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದರು. "ನೀನೂ ನಾನೂ ಹೋಗಿಬರೋಣ. ಯಾರಿಗೂ ಹೇಳಬೇಡ" ಎಂದರು.

ನಾನು ಹೇಳಿದೆ. ಇವತ್ತಿಗೂ ನನಗೆ ಚುಚ್ಚುವುದು ಅದು. ಬಾವಿಕಟ್ಟೆಗೆ ಹೋಗಿ, ರುಕ್ಮಿಣಮ್ಮನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಬಂದು ಕಣ್ಣಾರೆ ನೋಡಿ ಎಂದೆ. ಗಂಗಮ್ಮನವರ ಮನೆಗೂ ಹೋಗಿ ಕರೆದೆ. ಭಾನುವಾರ ವಠಾರದ ಹೆಂಗಸರು, ಗಂಗಮ್ಮ, ಅವರ ನಾದಿನಿ ಎಲ್ಲ ಸೇರಿ ಒಂಬತ್ತು ಜನ ಟಾಕೀಸಿನ ಹೆಂಗಸರ ಬೆಂಚುಗಳ ಮೇಲೆ ಸಾಲಾಗಿ ಕುಳಿತೆವು. ಅಕ್ಕ ನನ್ನತ್ತ ಒಂದು ಸಲ ನೋಡಿದರು. ಬೈಯಲಿಲ್ಲ. ಅಂದು ಅವರು ಉಟ್ಟಿದ್ದ ಹಸಿರು ಸೀರೆಯನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಚಿತ್ರದ ತುಂಬ ಗೀರುಗಳು. ಮಾತು ಒಡೆದು ಒಡೆದು ಬರುತ್ತಿತ್ತು. ಕೊನೆಗೆ ಇಂದ್ರನ ಸಭೆ ಬಂತು. ಸಿಂಹಾಸನ, ರಟ್ಟಿನ ಮರ, ಹೂವಿನ ಬುಟ್ಟಿ, ಅಕ್ಕ ಹೇಳಿದ್ದೆಲ್ಲ ಹಾಗೆ ಹಾಗೇ ಇತ್ತು. ಇಂದ್ರ ಕೈಯೆತ್ತಿ ನಾಟ್ಯವಾಗಲಿ ಎಂದ. ಅಕ್ಕ ನನ್ನ ಮಣಿಕಟ್ಟು ಹಿಡಿದು, "ಈಗ ನೋಡು" ಎಂದು ಪಿಸುಗುಟ್ಟಿದರು. ಪರದೆಯ ಮೇಲಿನ ಚಿತ್ರ ಒಮ್ಮೆ ಹಾರಿತು. ಚಟಾರ್ ಎಂಬ ಸದ್ದು. ಮರುಕ್ಷಣ ಕಾಡಿನಲ್ಲಿ ಒಬ್ಬ ಋಷಿ ತಪಸ್ಸಿಗೆ ಕುಳಿತಿದ್ದ.

ನಾಟ್ಯವೇ ಇರಲಿಲ್ಲ.

ನನ್ನ ಮಣಿಕಟ್ಟು ಬಿಡಲು ಅವರಿಗೆ ಎಷ್ಟೋ ಹೊತ್ತು ಬೇಕಾಯಿತು. ಚಿತ್ರ ಮುಗಿದು ಹೊರಗೆ ಬಂದಾಗ ಬಿಸಿಲು ಇನ್ನೂ ಇತ್ತು. ರುಕ್ಮಿಣಮ್ಮ, "ಎಲ್ರೀ ನಿಮ್ಮ ಡ್ಯಾನ್ಸು? ನಾನು ಕಣ್ಣು ಮಿಟುಕಿಸಿದಾಗ ಆಗೋಯ್ತೇನೋ!" ಎಂದರು. ಇಬ್ಬರು ನಕ್ಕರು. ಅಕ್ಕ ನೇರವಾಗಿ ಆಪರೇಟರ್ ಕೋಣೆಯ ಮೆಟ್ಟಿಲ ಹತ್ತಿರ ಹೋದರು. ನಾನೂ ಹಿಂದೆ ಹೋದೆ. ಆಪರೇಟರು ವಯಸ್ಸಾದವರು, ಬೀಡಿ ಆರಿಸಿ ಕೆಳಗಿಳಿದು ಬಂದರು. "ಬಂದಾಗ್ಲೇ ಹಿಂಗೇ ಬಂತು ಕಣಮ್ಮ. ಹರಿದೂ ಹರಿದೂ ಎಲ್ಲೋ ಆ ತುಂಡೇ ಕಿತ್ತಾಕವ್ರೆ. ಈಗ ಯಾರತ್ರ ಕೇಳನ?" ಎಂದರು. ಅಕ್ಕ ಕೈಮುಗಿದು, "ನಿಮ್ಮ ತಪ್ಪೇನೂ ಇಲ್ಲ" ಎಂದು ಹೇಳಿ ನಡೆದುಬಿಟ್ಟರು.

ಆ ವಾರ ವಠಾರದಲ್ಲಿ ಬೇರೆ ಮಾತಿರಲಿಲ್ಲ. ನಾನು ಅವರ ಮನೆಗೆ ಹೋಗಿ ಅತ್ತುಬಿಟ್ಟೆ. "ನೀನ್ಯಾಕೆ ಅಳ್ತೀಯೇ? ಕಳೆದುಹೋಗಿರೋದು ನಂದು" ಎಂದು ನನ್ನ ಕಣ್ಣೊರೆಸಿ, ಮತ್ತೆ ಮಿಷನ್ ತುಳಿಯತೊಡಗಿದರು. ಆದರೆ ಅಂದು ಅವರು ಹೊಲಿದ ತೋಳು ಸೊಟ್ಟಗಾಗಿ ಬಿಚ್ಚಬೇಕಾಯಿತು. ಅಂಥದನ್ನು ನಾನು ಕಂಡದ್ದು ಅದೊಂದೇ ಸಲ.

ಶನಿವಾರ ಗಂಗಮ್ಮ ಬಂದರು. ಮೊದಲನೇ ಮನೆಯ ಹೊಸಿಲ ಹೊರಗೇ ನಿಂತು, ಸುತ್ತಿ ಬಳಸದೆ ಕೇಳಿದರು:

"ಏನವ್ವಾ, ನೀನು ಕುಣಿದಿದ್ದು ದಿಟವೋ ಸುಳ್ಳೋ? ಅಷ್ಟು ಹೇಳು."

"ದಿಟ."

"ಹಂಗಾರೆ ಕುಣಿದು ತೋರ್ಸು. ಹಿಂದ್ಗಡೆ ನಮ್ಮ ಕೊಬ್ಬರಿ ಮಳಿಗೆ ಖಾಲಿ ಐತೆ. ನೋಡೀವಿ."

ನನಗೆ ಮೈ ಉರಿಯಿತು. ಇದೇನು ಪರೀಕ್ಷೆಯೇ ಎಂದು ಬಾಯಿ ತೆಗೆಯುವುದರಲ್ಲಿದ್ದೆ. ಅಕ್ಕ ನನ್ನನ್ನು ತಡೆದು, "ಹದಿನೈದು ದಿನ ಕೊಡಿ ಗಂಗಮ್ಮನೋರೇ. ಮಂಡಿ ಹೇಳಿದ ಹಾಗೆ ಕೇಳಬೇಕಲ್ಲ" ಎಂದರು.

ಆ ಹದಿನೈದು ದಿನ ಬೆಳಗಿನ ಹೊತ್ತು ಅವರ ಮನೆಯ ಬಾಗಿಲು ಹಾಕಿರುತ್ತಿತ್ತು. ಒಳಗಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಸಂಜೆ ನಾನು ಸ್ಕೂಲಿನಿಂದ ಬಂದು ಅವರ ಊದಿಕೊಂಡ ಮಂಡಿಗಳಿಗೆ ಕರ್ಪೂರದ ಎಣ್ಣೆ ತಿಕ್ಕುತ್ತಿದ್ದೆ. ಎಷ್ಟು ಕರ್ಪೂರ, ಎಷ್ಟು ಬಿಸಿ, ಯಾವ ಕಡೆಯಿಂದ ಯಾವ ಕಡೆಗೆ ಎಂದು ಅವರೇ ಹೇಳಿಕೊಡುತ್ತಿದ್ದರು. ಸಾಕು ಬಿಡಿ ಅಕ್ಕಾ, ಯಾರಿಗೆ ಏನು ತೋರಿಸಬೇಕಾಗಿದೆ ಎಂದು ಒಂದು ದಿನ ಕೇಳಿದೆ. "ಅವರಿಗಲ್ಲ ಕಣೇ. ಆ ಚಿತ್ರದಲ್ಲಿ ಇಲ್ಲ ಅಂದಮೇಲೆ ಇನ್ನೆಲ್ಲಾದರೂ ಇರಬೇಕಲ್ಲ" ಎಂದರು.

ಹೇಳಿದ ದಿನ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಮಳಿಗೆಯಲ್ಲಿ ಸೇರಿದೆವು. ಚಪ್ಪಡಿ ಕಲ್ಲಿನ ನೆಲ, ಎತ್ತರದ ಕಿಟಕಿಗಳಿಂದ ಬೀಳುವ ಬಿಸಿಲು, ಕೊಬ್ಬರಿಯ ಜಿಡ್ಡು ವಾಸನೆ. ನಾನು ಸ್ಕೂಲಿನಿಂದ ತಂದ ಶ್ರುತಿಪೆಟ್ಟಿಗೆ ಹಿಡಿದು ಕುಳಿತೆ. ಅಕ್ಕ ಅದೇ ಹಸಿರು ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಬಂದರು. ಗೆಜ್ಜೆ ಇಲ್ಲ. ಕೈಯಲ್ಲಿ ರಂಗೋಲಿ ಪುಡಿಯ ಬಟ್ಟಲು. ನಡುವೆ ಬಗ್ಗಿ ಕುಳಿತು ಉದ್ದ ನಾಲ್ಕಡಿ, ಅಗಲ ನಾಲ್ಕಡಿಯ ಒಂದು ಚೌಕ ಎಳೆದರು. ಎಳೆದು ನಿಂತು, ಹೆಂಗಸರ ಕಡೆ ತಿರುಗಿ ಹೇಳಿದರು:

"ಆಗ ಕ್ಯಾಮೆರಾ ಸದ್ದು ಮಾಡುತ್ತೆ ಅಂತ ಅದನ್ನ ಮರದ ಗೂಡಿನೊಳಗೆ ಕೂರಿಸ್ತಿದ್ರು. ಅದು ಅಲ್ಲಾಡೋ ಹಾಗಿಲ್ಲ. ನಾವು ಇಷ್ಟರೊಳಗೇ ಕುಣೀಬೇಕು. ಗೆರೆ ದಾಟಿದರೆ ಚಿತ್ರವೂ ಹೋಯ್ತು, ದನಿಯೂ ಹೋಯ್ತು."

ಹಾಡು ಶುರುವಾಯಿತು. ಅಪ್ಸರೆಯೊಬ್ಬಳು ಸಭೆಗೆಂದು ಹೂ ಬಿಡಿಸಿ, ಮಾಲೆ ಕಟ್ಟಿ, ಕಟ್ಟಿದ್ದನ್ನು ಯಾರ ಕೊರಳಿಗೆ ಹಾಕಲಿ ಎಂದು ಸುತ್ತ ನೋಡುವುದು, ಅಷ್ಟೇ ಅದರ ಕಥೆ. ದನಿ ಸ್ವಲ್ಪ ಒಡೆದಿತ್ತು, ಆದರೆ ಶ್ರುತಿ ಬಿಡಲಿಲ್ಲ. ಬಳ್ಳಿಯ ತುದಿಯ ಹೂವಿಗೆ ಕೈ ಚಾಚಿದಾಗ ಆ ನಾಲ್ಕಡಿ ಒಂದು ತೋಟವಾಯಿತು ಎಂದರೆ ನಂಬಬೇಕು. ಆಗ, ಅರ್ಧಕ್ಕೆ ಬಂದಾಗ, ಸ್ಟೇಷನ್ನಿನಲ್ಲಿ ಒಂದು ಗೂಡ್ಸ್ ಗಾಡಿ ಉದ್ದಕ್ಕೆ ಸೀಟಿ ಹಾಕಿತು. ಅಕ್ಕ ತಟ್ಟನೆ ನಿಂತರು. ಕೈ ಇಳಿಸಿ, ಮೊದಲ ಜಾಗಕ್ಕೆ ಬಂದು, "ಇನ್ನೊಂದ್ಸಲ" ಎಂದರು. ಇಪ್ಪತ್ತು ವರ್ಷದ ಹಿಂದಿನ ಅಭ್ಯಾಸ! ನಾವೆಲ್ಲ ನಕ್ಕೆವು. ಅವರಿಗೂ ನಗು ಬಂತು. ಆದರೆ ಮತ್ತೆ ಮೊದಲಿಂದಲೇ ಶುರುಮಾಡಿದರು, ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ಎರಡನೆಯ ಸಲ ನಗುವವರು ಯಾರೂ ಇರಲಿಲ್ಲ. ಮಾಲೆ ಕಟ್ಟುವಾಗ ಬೆರಳುಗಳ ನಡುವೆ ದಾರ ಕಾಣಿಸಿತು. ಅವರು ಪೂರ್ತಿ ಮಂಡಿ ಬಗ್ಗಿಸಿ ಕುಳಿತು, ಸುತ್ತು ತಿರುಗಿ ಎದ್ದರು. ಆ ಮಂಡಿಗಳಿಗೆ ಅದು ಎಷ್ಟು ಕಷ್ಟ ಎಂಬುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮುಖದಲ್ಲಿ ಅದರ ಸುಳಿವೂ ಇರಲಿಲ್ಲ. ಕೊನೆಗೆ ಮಾಲೆಯನ್ನು ಯಾರಿಗೂ ಹಾಕದೆ, ಮೆಲ್ಲಗೆ ತಮ್ಮ ಕೊರಳಿಗೇ ಹಾಕಿಕೊಂಡು ನಿಂತರು. ನಾಲ್ಕು ನಿಮಿಷ ಇರಬಹುದು.

ಗಂಗಮ್ಮ ಎದ್ದು ಹೋಗಿ, ಚೌಕದ ಸುತ್ತ ಬಗ್ಗಿ ಬಗ್ಗಿ ನೋಡಿದರು. ಒಂದು ಮೂಲೆಯಲ್ಲೂ ರಂಗೋಲಿ ಅಳಿಸಿರಲಿಲ್ಲ. "ಒಂದು ಕಾಳು ಪುಡಿ ಕದಲಿಲ್ಲ ಕಣ್ರೇ..." ಎಂದು, ಅಕ್ಕನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ರುಕ್ಮಿಣಮ್ಮ ಮಾತ್ರ ಕುಳಿತಲ್ಲೇ ಇದ್ದರು. ಎಲ್ಲರೂ ಏಳುವಾಗ ಮೆಲ್ಲಗೆ ಹತ್ತಿರ ಬಂದು, "ಆ ದಾರ ಎಳೆದ್ರಲ್ಲ, ಕಿರುಬೆರಳನ್ನ ಹೆಂಗೆ ಹಿಡಿದಿದ್ರಿ? ಇನ್ನೊಂದ್ಸಲ ತೋರಿಸ್ರೀ" ಎಂದರು. ಕ್ಷಮೆಯನ್ನೇನೂ ಕೇಳಲಿಲ್ಲ. ಅಕ್ಕ ತೋರಿಸಿದರು. ಆ ವರ್ಷ ಗೌರಿ ಹಬ್ಬಕ್ಕೆ ರುಕ್ಮಿಣಮ್ಮನ ಮನೆಯ ಮೊದಲ ಕರೆ ಮೊದಲನೇ ಮನೆಗೇ ಹೋಯಿತು.

ಆಮೇಲೆ ನಮ್ಮ ಸ್ಕೂಲಿನ ಹುಡುಗಿಯರಿಗೆ ಅಕ್ಕ ವಾರಕ್ಕೆರಡು ದಿನ ಕಲಿಸಿದರು. ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋದಾಗ ಅವರೂ ಬಂದಿದ್ದರು. ಗೋಡೆಯ ಮೇಲಿನ ನರ್ತಕಿಯೊಬ್ಬಳನ್ನು ಬಹಳ ಹೊತ್ತು ನೋಡಿ, "ಈ ಕಾಲನ್ನ ಇವಳು ಹೀಗಿಟ್ಟರೆ ಬೀಳ್ತಾಳೆ. ಶಿಲ್ಪಿ ತಾನು ನಿಂತು ನೋಡಿಲ್ಲ" ಎಂದರು. ಮಕ್ಕಳೆಲ್ಲ ಹಾಗೆ ನಿಂತು ನೋಡಿದವು, ಎಲ್ಲವೂ ಬಿದ್ದವು. ವಾಪಸು ಬರುವ ಬಸ್ಸಿನ ತುಂಬ ನಗು.

ಅರವತ್ತರ ದಶಕದ ನಡುವೆ ನನಗೆ ಬಿಕ್ಕೋಡಿಗೆ ವರ್ಗವಾಯಿತು, ಮದುವೆಯೂ ಆಯಿತು. ಅಕ್ಕನ ಕಾಗದ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಒಂದು ಸಲ ಅದು ಬರಲಿಲ್ಲ. ಆಮೇಲೆ ಗಂಗಮ್ಮ ಯಾರಿಂದಲೋ ಬರೆಸಿದ ಒಂದು ಕಾರ್ಡು ಬಂತು. ಅದು ಕೈಸೇರುವಾಗ ಅಕ್ಕ ಹೋಗಿ ಒಂಬತ್ತು ದಿನವಾಗಿತ್ತು. ನಾಲ್ಕು ದಿನದ ಜ್ವರ ಅಂತೆ. ಮಣ್ಣು ಮಾಡುವಾಗ ವಠಾರದ ಆರೂ ಮನೆಯವರು ಇದ್ದರಂತೆ. ನನ್ನ ಮಗು ಆಗ ಮೂರು ತಿಂಗಳದು, ನನಗೆ ಹೋಗಲಾಗಲಿಲ್ಲ. ಆಗಲಿಲ್ಲವೋ, ಆ ಖಾಲಿ ಮನೆ ನೋಡುವ ಧೈರ್ಯ ಬರಲಿಲ್ಲವೋ...

ಹಳೆಯ ಚಿತ್ರಗಳ ಬಗ್ಗೆ ಓದುತ್ತಿರುವ ಹುಡುಗಿಯೊಬ್ಬಳು, ಹೇಗೋ ವಿಷಯ ತಿಳಿದು, ಮೊನ್ನೆ ನಮ್ಮ ಮನೆಗೆ ಬಂದಿದ್ದಳು. ಅಕ್ಕನ ಐದು ಚಿತ್ರಗಳಲ್ಲಿ ಒಂದರ ಪ್ರತಿಯೂ ಎಲ್ಲೂ ಉಳಿದಿಲ್ಲವಂತೆ. ಎಲ್ಲ ಕಡೆ ಕೇಳಿ ಬಂದಿದ್ದಳು. "ಆವತ್ತು ಮಳಿಗೆಯಲ್ಲಿ ನೋಡಿದವರು ಬೇರೆ ಯಾರಾದರೂ ಇದ್ದಾರಾ ಅಜ್ಜಿ?" ಎಂದಳು. ಇಲ್ಲ. ಗಂಗಮ್ಮ, ರುಕ್ಮಿಣಮ್ಮ, ನನ್ನ ಅಮ್ಮ, ಒಬ್ಬರೂ ಇಲ್ಲ. "ಹಾಗಾದರೆ ನಿಮಗೆ ನೆನಪಿರುವಷ್ಟು ಮಾಡಿ ತೋರಿಸ್ತೀರಾ?" ಎಂದು ಮೊಬೈಲು ಹಿಡಿದಳು.

ನಾನು ಗೋಡೆ ಹಿಡಿದು ಎದ್ದು ನಿಂತೆ. ಹಾಡಿನ ಮೊದಲ ಸಾಲು ಬಂತು. ಹೂವಿಗೆ ಕೈ ಚಾಚುವುದು ಬಂತು. ಬಿಡಿಸಿದ್ದನ್ನು ಮಡಿಲಿಗೆ ಹಾಕಿಕೊಳ್ಳುವುದೂ ಬಂತು. ಅದಾದ ಮೇಲೆ ಎಡಕ್ಕೆ ತಿರುಗುವುದೋ, ಬಲಕ್ಕೋ... ಕೈ ಅಲ್ಲೇ ನಿಂತಿತು. ಹುಡುಗಿ ಕಾಯುತ್ತಿದ್ದಳು. "ಪರವಾಗಿಲ್ಲ ಅಜ್ಜಿ, ನಿಧಾನಕ್ಕೆ" ಎಂದಳು.

"ಇಷ್ಟೇ ಕಣಮ್ಮ ಇರೋದು" ಎಂದು ಹೇಳಿ ನಾನು ಕುಳಿತುಕೊಂಡೆ.